ತೊನ್ನಿಗೆ ಕುಷ್ಠವೆಂಬ ಹೆಸರೇಕೆ?

ಶಾಲೆಯ ಸ್ಮರಣ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯ ಲೇಖನವೆಂದರೆ ಹೆಣ್ಣುಮಕ್ಕಳ ವಿದ್ಯಾಭ್ಯಾಸದ ಮಹತ್ವವನ್ನೋ ಶಿಸ್ತಿನ ಅಗತ್ಯವನ್ನೋ ಕುರಿತು ನಾಲ್ಕು ಪುಟಗಳಿರತಕ್ಕದ್ದೆಂಬುದು ವಾಡಿಕೆ. ಆ ವಿಷಯಗಳನ್ನು ಕುರಿತು ನಮಗಿಂತ ಹಿಂದಿನ ಉಪಾಧ್ಯಾಯಿನಿಯರು ನಮಗಿಂತ ಚೆನ್ನಾಗಿ ಬರೆದಿರುವರು. ಆದುದರಿಂದ ನಾವು ಈ ಸಾರಿ ಒಂದೇ ಒಂದು ಮಾತನ್ನು ಎತ್ತಿಕೊಂಡಿದ್ದೇವೆ. ಮೈಯ ಮೇಲೆ ಅಲ್ಲಲ್ಲಿ ಬಣ್ಣವು ಹೋಗಿ ಹಾಲಿನಂತೆ ಬೆಳ್ಳಗೆ ಕಾಣುವ ಮಚ್ಚೆಗಳಿಗೆ ಕನ್ನಡದಲ್ಲಿ 'ತೊನ್ನು' ಎಂಬ ಹೆಸರುಂಟು. ಅದನ್ನೇ ಕೆಲವರು 'ಬಿಳಿ ಕುಷ್ಠ' ಎಂದೂ, ಓದುಬರಹ ಬಲ್ಲವರು ಇನ್ನೂ ಸ್ವಲ್ಪ ಗಂಭೀರವಾಗಿ 'ಶ್ವೇತಕುಷ್ಠ' ಎಂದೂ ಹೇಳುವರು. ಈ ಎರಡನೆಯ ಬಗೆಯ ಹೆಸರು ತಪ್ಪು ಹೆಸರು. ಅದು ಎಲ್ಲಿಂದ ಬಂದಿತು, ಹೇಗೆ ಅಂಟಿಕೊಂಡಿತು ಎಂಬುದನ್ನು ಅರಿತವರು ಅದನ್ನು ಮತ್ತೆ ನಾಲಗೆಯ ಮೇಲೆ ತರಲಾರರೆಂದು ನಮ್ಮ ನಂಬಿಕೆ.

ಈ ವಿಷಯವು ನಮಗೆ ನಿಘಂಟಿನಿಂದ ದೊರೆತುದಲ್ಲ. ಕೆಲವು ವರ್ಷಗಳ ಹಿಂದೆ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಆರೋಗ್ಯ ತಪಾಸಣೆಯ ಚೀಟಿಯೊಂದನ್ನು ಹಿಡಿದುಕೊಂಡು ನಮ್ಮ ಕೊಠಡಿಗೆ ಬಂದಳು. ಅವಳ ತುಟಿಯ ಅಂಚಿನಲ್ಲಿಯೂ ಬೆರಳುಗಳ ತುದಿಯಲ್ಲಿಯೂ ಬಿಳುಪು ಕಾಣಿಸಿಕೊಂಡು ಆಗಲೇ ಒಂದು ವರ್ಷವಾಗಿದ್ದಿತು. ಚೀಟಿಯಲ್ಲಿ ಯಾರೋ 'ಬಿಳಿ ಕುಷ್ಠ' ಎಂದು ದುಂಡನೆಯ ಅಕ್ಷರಗಳಲ್ಲಿ ಬರೆದಿದ್ದರು. ಹುಡುಗಿಯು ಅಳುತ್ತಿರಲಿಲ್ಲ. ಲೆಕ್ಕವನ್ನು ಕೇಳುವವಳಂತೆ ನಿಂತು, "ಟೀಚರೇ, ಕುಷ್ಠದವರು ಪಾಳೆಯದ ಹೊರಗೆ ಇರಬೇಕು ಅಂತ ವೇದಪಾಠದಲ್ಲಿ ಇದೆಯಲ್ಲ, ಹಾಗಾದರೆ ನಾನು ಹಾಸ್ಟೆಲಿನಲ್ಲಿ ಎಲ್ಲಿ ಮಲಗುವುದು?" ಎಂದು ಕೇಳಿದಳು. ಅವಳು ಅಂದಿನ ರಾತ್ರಿ ಯಾವ ಮಂಚದ ಮೇಲೆ ಮಲಗುತ್ತಿದ್ದಳೋ ಅದೇ ಮಂಚದ ಮೇಲೆ ಮಲಗಿದಳೆಂದು ಹೇಳಬೇಕಾದುದಿಲ್ಲ. ಆದರೆ ಅದೇ ವಾರದಲ್ಲಿ ಇಬ್ಬರು ತಾಯಂದಿರು ಬಂದು, ತಮ್ಮ ಮಕ್ಕಳನ್ನು ಅವಳ ಬೆಂಚಿನಿಂದ ಬೇರೆ ಕಡೆಗೆ ಕೂರಿಸಬೇಕೆಂದು ಬಹಳ ವಿನಯದಿಂದ ಬೇಡಿಕೊಂಡರು. ಬೆಂಚು ಬದಲಾಗಲಿಲ್ಲ. ಆ ತಾಯಂದಿರು ಕೆಟ್ಟವರಲ್ಲ. ಅವರು ಹೆದರಿದುದು ಹುಡುಗಿಗಲ್ಲ, ಒಂದು ಹೆಸರಿಗೆ.

ಮೊದಲು ನಮ್ಮ ನುಡಿಯ ಕಡೆಗೆ ನೋಡೋಣ. ಅಕ್ಷರವರಿಯದ ನಮ್ಮ ಅಜ್ಜಿಯಂದಿರು ಚರ್ಮದ ಮೇಲಿನ ಒಂದೊಂದು ಗುರುತಿಗೂ ಒಂದೊಂದು ಹೆಸರನ್ನಿಟ್ಟು ಎಷ್ಟು ನಿಖರವಾಗಿ ವಿಂಗಡಿಸಿದ್ದಾರೆಂಬುದು ವಿಚಾರಮಾಡಿದವರಿಗೆ ಆಶ್ಚರ್ಯವನ್ನುಂಟುಮಾಡುತ್ತದೆ. ಹುಟ್ಟಿನಿಂದ ಬಂದುದಾಗಲಿ ಆಮೇಲೆ ಮೂಡಿದುದಾಗಲಿ, ಕಪ್ಪು ಚುಕ್ಕೆಯಾದರೆ ಅದು ಮಚ್ಚೆ. ಪ್ರಾಯದ ಹುಡುಗಿಯ ಕೆನ್ನೆಯಲ್ಲಿ ಏಳುವುದು ಮೊಡವೆ. ಬಸುರಿ ಬಾಣಂತಿಯರ ಕೆನ್ನೆಗಳ ಮೇಲೆ ಹಬ್ಬುವ ಕಂದು ಬಣ್ಣವು ಬಂಗು. ಬೆವರಿನ ಕಾಲದಲ್ಲಿ ಕುತ್ತಿಗೆ ಬೆನ್ನುಗಳ ಮೇಲೆ ಮಂಕಾಗಿ ಹರಡುವುದು ಚಿಬ್ಬು. ಉರುಟಾಗಿ ಬೆಳೆದು ತುರಿಸುವುದು ಹುಳುಕಡ್ಡಿ. ಗಾಯ ಮಾದ ಮೇಲೆ ಉಳಿಯುವುದು ಕಲೆ. ಇವುಗಳ ಸಾಲಿನಲ್ಲಿ ತೊನ್ನೂ ಒಂದು. ನೆರೆಯ ನುಡಿಗಳವರೂ ಇದಕ್ಕೆ ಕಣ್ಣಿಗೆ ಕಂಡ ಬಣ್ಣವನ್ನೇ ಹಿಡಿದು ಹೆಸರಿಟ್ಟಿದ್ದಾರೆ. ತೆಲುಗಿನವರು 'ಬೊಲ್ಲಿ' ಎನ್ನುವರು. ಅದು ಬಿಳುಪನ್ನು ಸೂಚಿಸುವ ಮಾತು. ಮಲೆಯಾಳಿಗಳು 'ವೆಳ್ಳಪ್ಪಾಂಡು' ಎನ್ನುವರು. ಅಲ್ಲಿಯೂ 'ವೆಳ್ಳ' ಎಂದರೆ ಬೆಳ್ಳಗಿರುವುದೇ. ತಮಿಳಿನಲ್ಲಿ ನಮ್ಮ ಬಿಳಿ ಕುಷ್ಠದಂತೆಯೇ 'ವೆಣ್ಕುಷ್ಟಂ' ಎಂಬ ಮಾತು ನಡೆದುಬಂದಿದ್ದಿತು. ಈಗ ಅಲ್ಲಿಯ ವೈದ್ಯರೂ ತೊನ್ನುಳ್ಳವರ ಸಂಘದವರೂ ಅದನ್ನು ಬಿಡಿಸಿ 'ವೆಣ್‌ಪುಳ್ಳಿ', ಅಂದರೆ ಬಿಳಿ ಚುಕ್ಕೆ, ಎಂಬ ಮಾತನ್ನು ಬಳಕೆಗೆ ತರುತ್ತಿರುವರು. ಬಣ್ಣವನ್ನು ಹೇಳುವ ಮಾತಿನಲ್ಲಿ ಯಾರಿಗೂ ಅವಮಾನವಿಲ್ಲ.

ಹಾಗಾದರೆ ಕುಷ್ಠವು ಇಲ್ಲಿಗೆ ಹೇಗೆ ಬಂದಿತು?

ಸಂಸ್ಕೃತದಲ್ಲಿ 'ಕುಷ್ಠ' ಎಂಬುದು ಬಹು ಹಳೆಯ ಶಬ್ದ. ಅಥರ್ವವೇದದಲ್ಲಿ ಅದು ರೋಗದ ಹೆಸರಲ್ಲ, ಗಿಡದ ಹೆಸರು. ಹಿಮಾಲಯದಲ್ಲಿ ಬೆಳೆಯುವ ಸುವಾಸನೆಯ ಬೇರಿನ ಒಂದು ಮೂಲಿಕೆಯನ್ನು ಜ್ವರವನ್ನು ಓಡಿಸುವುದಕ್ಕಾಗಿ ಅಲ್ಲಿ ಸ್ತುತಿಸಿದ್ದಾರೆ. ನಮ್ಮ ಗಂಧಿಗೆ ಅಂಗಡಿಗಳಲ್ಲಿ ದೊರೆಯುವ ಕೋಷ್ಠವೇ ಅದು. ಗ್ರೀಕರು ಇದನ್ನು ಕೊಂಡುಕೊಂಡು ಹೋಗಿ 'ಕೊಸ್ಟೊಸ್' ಎಂದರು. ಆಮೇಲೆ ಅದೇ ಶಬ್ದವು ರೋಗವಾಚಕವೂ ಆಯಿತು. ಕೀಳುವುದು, ಹರಿಯುವುದು ಎಂಬ ಅರ್ಥದ ಧಾತುವಿನಿಂದ ಹುಟ್ಟಿದ ಮಾತೆಂದು ಪಂಡಿತರು ಅದನ್ನು ವಿವರಿಸುವರು. ಆದರೆ ಆ ರೋಗ ಯಾವುದು? ಇಲ್ಲಿಯೇ ವಿಷಯದ ಗಂಟಿರುವುದು. ಆಯುರ್ವೇದದಲ್ಲಿ ಕುಷ್ಠವೆಂಬುದು ಒಂದೇ ರೋಗದ ಹೆಸರಲ್ಲ; ಚರ್ಮವನ್ನು ಕೆಡಿಸುವ ಒಂದು ದೊಡ್ಡ ಕುಟುಂಬದ ಹೆಸರು. ಚರಕಸಂಹಿತೆಯಲ್ಲಿಯೂ ಸುಶ್ರುತಸಂಹಿತೆಯಲ್ಲಿಯೂ ೧೮ ಬಗೆಯ ಕುಷ್ಠಗಳನ್ನು ಎಣಿಸಿ, ೭ ಮಹಾಕುಷ್ಠಗಳೆಂದೂ ೧೧ ಕ್ಷುದ್ರಕುಷ್ಠಗಳೆಂದೂ ವಿಭಾಗಿಸಿದ್ದಾರೆ. ಚರಕನ ಕ್ಷುದ್ರಕುಷ್ಠಗಳಲ್ಲಿ 'ದದ್ರು' ಒಂದು. ನಮ್ಮ 'ದದ್ದು' ಎಂಬ ಮಾತು ಹುಟ್ಟಿದುದು ಅದರಿಂದಲೇ. 'ಪಾಮಾ' ಎಂದರೆ ಕಜ್ಜಿ. 'ವಿಪಾದಿಕಾ' ಎಂದರೆ ಅಂಗೈ ಅಂಗಾಲುಗಳು ಬಿರಿಯುವುದು. ಈ ಲೆಕ್ಕದಲ್ಲಿ, ಹಗಲೆಲ್ಲಾ ನೀರಿನಲ್ಲಿ ನಿಂತು ಪಾತ್ರೆ ತೊಳೆದು ಹಿಮ್ಮಡಿ ಒಡೆದುಕೊಂಡ ನಮ್ಮ ಹಾಸ್ಟೆಲಿನ ಅಡಿಗೆಯಮ್ಮನಿಗೂ ಕುಷ್ಠವೇ ಇರುವುದು! ಆಕೆಯನ್ನು ಬಿಟ್ಟು ಊಟಕ್ಕೆ ಕೂರುವವರು ಯಾರು?

ಹೀಗೆ ಅಗಲವಾದ ಅರ್ಥವುಳ್ಳ ಶಬ್ದವು ಕಾಲಕ್ರಮದಲ್ಲಿ ಕಿರಿದಾಗಿ, ಬೆರಳುಗಳನ್ನು ಕುಗ್ಗಿಸಿ ನರಗಳನ್ನು ಕೆಡಿಸುವ ಒಂದೇ ರೋಗಕ್ಕೆ ನಿಂತಿತು. ಅರ್ಥವು ಕಿರಿದಾದರೂ ಹಳೆಯ ಕುಟುಂಬದ ನೆನಪು ಉಳಿಯಿತು. ತೊನ್ನನ್ನು ಆ ಕುಟುಂಬದ ಜಗುಲಿಯ ಮೇಲೆ ಕುಳ್ಳಿರಿಸಿದ್ದವರು, ಈಗ ಮನೆಯಲ್ಲಿ ಒಬ್ಬನೇ ಉಳಿದಿರುವಾಗ, ಅವನ ಹೆಸರನ್ನೇ ಇದಕ್ಕೂ ಕೊಟ್ಟರು. ಉತ್ತರದ ನುಡಿಗಳಲ್ಲಿ ಇದರ ಸಾಕ್ಷ್ಯವು ಸ್ಪಷ್ಟವಾಗಿ ಕಾಣುತ್ತದೆ. ಸಂಸ್ಕೃತದ ಕುಷ್ಠವೇ ಸವೆದು ಹಿಂದಿಯಲ್ಲಿ 'ಕೋಢ್' ಎಂದಾಗಿದೆ, ಮರಾಠಿಯಲ್ಲಿ 'ಕೋಡ್' ಎಂದಾಗಿದೆ. ಹಿಂದಿಯವನಿಗೆ ಅದು ಕುಷ್ಠ. ಮರಾಠಿಯವನಿಗೆ ಅದು ತೊನ್ನು. ಒಂದೇ ತಾಯಿಯ ಎರಡು ಮಕ್ಕಳು ಎರಡು ರೋಗಗಳನ್ನು ಹೊತ್ತುಕೊಂಡು ನಿಂತಿವೆ. ಕನ್ನಡದಲ್ಲಿ ನಮಗೆ ಬೇರೆಯ ಮಾತೇ ಇದ್ದುದು ನಮ್ಮ ಭಾಗ್ಯ. ಆದರೆ ತೊನ್ನು ಎಂಬುದನ್ನೇ ಕುಷ್ಠದ ಅರ್ಥದಲ್ಲಿ ಆಡುವವರೂ ಉಂಟಾಗಿ, ಆ ಭಾಗ್ಯವನ್ನು ನಾವು ಪೂರ್ತಿಯಾಗಿ ಕಾಪಾಡಿಕೊಂಡಿಲ್ಲ.

ಇಷ್ಟರಿಂದ ಪ್ರಾಚೀನ ವೈದ್ಯರಿಗೆ ಎರಡರ ಭೇದವು ತಿಳಿಯದೆಂದು ಯಾರೂ ಭಾವಿಸಬಾರದು. ತೊನ್ನಿಗೆ ಸಂಸ್ಕೃತದಲ್ಲಿ 'ಶ್ವಿತ್ರ', 'ಕಿಲಾಸ' ಎಂಬ ಪ್ರತ್ಯೇಕವಾದ ಹೆಸರುಗಳುಂಟು. ಅಥರ್ವವೇದದ ಮೊದಲನೆಯ ಕಾಂಡದಲ್ಲಿ ೨೩, ೨೪ನೆಯ ಸೂಕ್ತಗಳು, ಕಿಲಾಸವನ್ನು ಹೋಗಲಾಡಿಸಿ ಚರ್ಮಕ್ಕೆ ಮೊದಲಿನ ಬಣ್ಣವನ್ನು ಕೊಡೆಂದು ಕಪ್ಪು ಮೂಲಿಕೆಯನ್ನು ಬೇಡುತ್ತವೆ. ಸುಶ್ರುತನಂತೂ ಕಿಲಾಸವನ್ನು ಕುಷ್ಠದ ಒಂದು ಪ್ರಭೇದವೆಂದು ಎಣಿಸಿದರೂ, ಎರಡಕ್ಕೂ ಇರುವ ಅಂತರವನ್ನು ಅಲ್ಲಿಯೇ ಹೇಳಿಬಿಡುತ್ತಾನೆ: ಕಿಲಾಸವು ಚರ್ಮದಲ್ಲಿ ಮಾತ್ರ ಇರತಕ್ಕದ್ದು, ಒಳಕ್ಕೆ ಇಳಿಯತಕ್ಕದ್ದಲ್ಲ, ಅದರಿಂದ ಕೀವು ರಸಿಕೆಗಳು ಸ್ರವಿಸುವುದಿಲ್ಲ. ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ, ಬರಿಯ ಕಣ್ಣಿನಿಂದಲೂ ಕೈಯಿಂದಲೂ ನೋಡಿ ಇಷ್ಟನ್ನು ಹೇಳಿದ ಆ ವೈದ್ಯನಿಗೆ ನಮ್ಮ ನಮಸ್ಕಾರ ಸಲ್ಲಬೇಕು. ಗ್ರಂಥದ ಆ ಒಂದು ಸಾಲು ಎಲ್ಲರ ನೆನಪಿನಲ್ಲಿ ಉಳಿದಿದ್ದರೆ ನಾವು ಈ ಲೇಖನವನ್ನು ಬರೆಯಬೇಕಾಗಿರಲಿಲ್ಲ.

ಆದರೆ ಉಳಿದುದು ಬೇರೊಂದು ಮಾತು. ಚರಕಸಂಹಿತೆಯಲ್ಲಿ ಕಿಲಾಸದ ಕಾರಣಗಳನ್ನು ಹೇಳುವಾಗ ಸುಳ್ಳಾಡುವುದು, ಉಪಕಾರವನ್ನು ಮರೆಯುವುದು, ದೇವತೆಗಳನ್ನು ನಿಂದಿಸುವುದು, ಗುರುಗಳನ್ನು ಅವಮಾನಿಸುವುದು, ಪಾಪಕೃತ್ಯ, ಪೂರ್ವಕರ್ಮ ಇವುಗಳನ್ನು ಪಟ್ಟಿಮಾಡಿ, ಕೊನೆಯಲ್ಲಿ ವಿರುದ್ಧಾಹಾರವನ್ನು ಸೇರಿಸಿದೆ. ನಮ್ಮ ಕರಾವಳಿಯ ಮನೆಗಳಲ್ಲಿ ಮೀನಿನ ಸಾರು ಉಂಡ ದಿನ ಹಾಲು ಕುಡಿದರೆ ತೊನ್ನು ಬರುವುದೆಂದು ಇಂದಿಗೂ ಮಕ್ಕಳ ಕೈಯಿಂದ ಲೋಟವನ್ನು ಕಸಿದುಕೊಳ್ಳುವುದುಂಟು. ಅದರ ಬೇರು ಇಲ್ಲಿದೆ. ಈ ಎರಡನ್ನು ಒಟ್ಟಿಗೆ ಸೇವಿಸಿದುದರಿಂದ ತೊನ್ನು ಬಂದಿತೆಂಬುದಕ್ಕೆ ಈಗಿನ ವೈದ್ಯಶಾಸ್ತ್ರದಲ್ಲಿ ಆಧಾರವಿಲ್ಲ. ಲೋಟ ಕಸಿದುಕೊಂಡರೆ ಒಂದು ಲೋಟ ಹಾಲು ನಷ್ಟವಾದೀತು, ಅಷ್ಟೆ. ಪಟ್ಟಿಯ ಮೊದಲಿನ ಭಾಗದಿಂದ ಆಗುವ ನಷ್ಟವು ಅಷ್ಟಕ್ಕೆ ನಿಲ್ಲುವುದಿಲ್ಲ. ತುಟಿಯ ಮೇಲೆ ಬಿಳುಪು ಕಂಡ ಹನ್ನೆರಡು ವರ್ಷದ ಮಗುವನ್ನು ನೋಡಿ, 'ಇವಳು ಏನು ಮಾಡಿದ್ದಳೋ, ಇವಳ ಹೆತ್ತವರು ಏನು ಮಾಡಿದ್ದರೋ' ಎಂದು ಲೋಕವು ಕೇಳುವುದು ಅದರಿಂದಲೇ.

ಈ ದೋಷವು ನಮ್ಮ ದೇಶಕ್ಕೆ ಮಾತ್ರ ಸೇರಿದುದೆಂದು ಹೇಳಲಾಗದು. ಗ್ರೀಕ್ ಇತಿಹಾಸಕಾರನಾದ ಹೆರೊಡೋಟನು ಕ್ರಿ. ಪೂ. ೫ನೆಯ ಶತಮಾನದಲ್ಲಿ ಪಾರಸಿಕರ ನಡವಳಿಕೆಗಳನ್ನು ವರ್ಣಿಸುತ್ತಾ, ಮೈಯಲ್ಲಿ 'ಲೆಪ್ರಾ'ವಾಗಲಿ 'ಲ್ಯೂಕೆ', ಅಂದರೆ ಬಿಳುಪು, ಆಗಲಿ ಕಂಡವನನ್ನು ಅವರು ಊರೊಳಗೆ ಸೇರಿಸುತ್ತಿರಲಿಲ್ಲವೆಂದೂ, ಅವನು ಸೂರ್ಯನಿಗೆ ಅಪರಾಧಮಾಡಿದವನೆಂದು ಹೇಳುತ್ತಿದ್ದರೆಂದೂ ಬರೆದಿದ್ದಾನೆ. ಬಿಳಿಯ ಪಾರಿವಾಳಗಳನ್ನು ಕೂಡ ಅವರು ಅದೇ ಕಾರಣಕ್ಕಾಗಿ ಓಡಿಸುತ್ತಿದ್ದರಂತೆ. ಆ ಪಾರಿವಾಳಗಳು ಸೂರ್ಯನಿಗೆ ಯಾವ ಅಪರಾಧವನ್ನು ಮಾಡಿದ್ದವೋ!

ಇನ್ನು ನಮ್ಮ ಹುಡುಗಿಯರು ವೇದಪಾಠದಲ್ಲಿ ಓದುವ ಕುಷ್ಠದ ವಿಷಯ. ಇದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯಬೇಕಾಗಿದೆ. ಏಕೆಂದರೆ ಕ್ರೈಸ್ತ ಮನೆಗಳಲ್ಲಿ ಈ ಭಯವು ಹುಟ್ಟುವುದು ಹೆಚ್ಚಾಗಿ ಇಲ್ಲಿಂದಲೇ. ಯಾಜಕಕಾಂಡದ ೧೩, ೧೪ನೆಯ ಅಧ್ಯಾಯಗಳಲ್ಲಿ ಇಬ್ರಿಯ ಭಾಷೆಯ ಮೂಲಶಬ್ದವು 'ತ್ಸಾರಾಅತ್' ಎಂಬುದು. ಅದು ಯಾವ ಒಂದು ರೋಗದ ಹೆಸರೂ ಅಲ್ಲ. ಶುದ್ಧಾಚಾರಕ್ಕೆ ಅಡ್ಡಿಯೆಂದು ಯಾಜಕನು ತೀರ್ಮಾನಿಸತಕ್ಕ ಹಲವು ಬಗೆಯ ಗುರುತುಗಳ ಹೆಸರು. ಇದಕ್ಕೆ ಸಾಕ್ಷಿಯು ಆ ಅಧ್ಯಾಯಗಳೊಳಗೇ ಇದೆ. ಅಲ್ಲಿ ತ್ಸಾರಾಅತ್ ಬಟ್ಟೆಗೂ ಬರುತ್ತದೆ, ತೊಗಲಿಗೂ ಬರುತ್ತದೆ, ಮನೆಯ ಗೋಡೆಗೂ ಬರುತ್ತದೆ. ಗೋಡೆಗೆ ಕುಷ್ಠರೋಗವು ಹತ್ತುವುದೆಂದು ಯಾವ ವೈದ್ಯನು ಹೇಳಿಯಾನು? ಇನ್ನೊಂದು ಸಂಗತಿಯನ್ನು ಎಷ್ಟು ಸಾರಿ ಓದಿದರೂ ಜನರು ಗಮನಿಸುವುದಿಲ್ಲ. ಬಿಳುಪು ತಲೆಯಿಂದ ಕಾಲಿನವರೆಗೆ ಮೈಯೆಲ್ಲಾ ಹಬ್ಬಿ, ಹಸಿಮಾಂಸವು ಎಲ್ಲಿಯೂ ಕಾಣದಿದ್ದರೆ, ಅಂಥವನನ್ನು ಶುದ್ಧನೆಂದು ಯಾಜಕನು ಹೇಳಬೇಕೆಂದು ಅದೇ ೧೩ನೆಯ ಅಧ್ಯಾಯದಲ್ಲಿ ವಿಧಿಸಿದೆ. ಅಂದರೆ ಪೂರ್ತಿಯಾಗಿ ಬೆಳ್ಳಗಾದವನು ಪಾಳೆಯದ ಒಳಗೆ ಇರತಕ್ಕವನು!

ಈ ಇಬ್ರಿಯ ಶಬ್ದವು ದಾರಿಯಲ್ಲಿ ಏನಾಯಿತೆಂಬುದು ಭಾಷಾಂತರ ಮಾಡುವವರೆಲ್ಲರೂ ತಿಳಿಯತಕ್ಕ ಕಥೆ. ಕ್ರಿ. ಪೂ. ೩ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಯೆಹೂದ್ಯರು ಧರ್ಮಶಾಸ್ತ್ರವನ್ನು ಗ್ರೀಕ್ ಭಾಷೆಗೆ ತಂದಾಗ ತ್ಸಾರಾಅತ್‌ಗೆ 'ಲೆಪ್ರಾ' ಎಂದು ಬರೆದರು. ಗ್ರೀಕರಲ್ಲಿ ಲೆಪ್ರಾ ಎಂದರೆ ಚರ್ಮವು ಹೊಟ್ಟಿನಂತೆ ಪೊರೆಪೊರೆಯಾಗಿ ಏಳುವುದು. ಪೊರೆ ಎಂಬ ಅರ್ಥದ ಶಬ್ದದಿಂದಲೇ ಅದು ಹುಟ್ಟಿದೆ. ನಾವು ಈಗ ಕುಷ್ಠವೆಂದು ತಿಳಿಯುವ ರೋಗಕ್ಕೆ ಗ್ರೀಕ್ ವೈದ್ಯರು 'ಎಲಿಫಂಟಿಯಾಸಿಸ್' ಎಂದು ಬೇರೆಯ ಹೆಸರನ್ನೇ ಇಟ್ಟಿದ್ದರು. (ಇದು ನಮ್ಮ ಆನೆಕಾಲು ರೋಗವಲ್ಲ, ಆ ಗೊಂದಲವು ಇನ್ನೊಂದು ಲೇಖನಕ್ಕೆ ಸಾಕಾದೀತು.) ಗ್ರೀಕಿನಿಂದ ಲೆಪ್ರಾ ಲ್ಯಾಟಿನಿಗೆ ಹೋಯಿತು. ಮಧ್ಯಯುಗದಲ್ಲಿ ಅರಬ್ಬೀ ವೈದ್ಯಗ್ರಂಥಗಳನ್ನು ಲ್ಯಾಟಿನಿಗೆ ಭಾಷಾಂತರಿಸಿದವರು ನಿಜವಾದ ಕುಷ್ಠರೋಗಕ್ಕೂ ಲೆಪ್ರಾ ಎಂದೇ ಬರೆದರು. ಅಲ್ಲಿಂದ ಮುಂದೆ ಎರಡು ಹೊಳೆಗಳು ಕೂಡಿಹೋದವು. ಯಾಜಕಕಾಂಡದ ನಿಯಮಗಳೆಲ್ಲವೂ, ಅವುಗಳಿಗೆ ಸಂಬಂಧವೇ ಇಲ್ಲದ ಒಂದು ರೋಗದವರ ತಲೆಯ ಮೇಲೆ ಬಿದ್ದವು. ಇಂಗ್ಲಿಷಿನ 'ಲೆಪ್ರಸಿ' ಹುಟ್ಟಿದುದು ಹೀಗೆ. ಕನ್ನಡಕ್ಕೆ ಸತ್ಯವೇದವನ್ನು ತರುವಾಗ ಭಾಷಾಂತರಕಾರರ ಮುಂದೆ ಕುಷ್ಠವೆಂಬ ಮಾತು ಸಿದ್ಧವಾಗಿದ್ದಿತು, ಅದನ್ನೇ ಇಟ್ಟರು. ಹಿಮದಂತೆ ಬೆಳ್ಳಗಾದ ಮಿರ್ಯಾಮಳ ಕಥೆಯನ್ನೂ ಗೇಹಜಿಯ ಕಥೆಯನ್ನೂ ಓದಿದ ಮಕ್ಕಳು ಬಿಳುಪೆಂದರೆ ಕುಷ್ಠ, ಕುಷ್ಠವೆಂದರೆ ಶಿಕ್ಷೆ ಎಂದು ಕಲಿತುಕೊಂಡರು. ಕುಷ್ಠರೋಗದಲ್ಲಿ ಮೈ ಹಿಮದಂತೆ ಬೆಳ್ಳಗಾಗುವುದೇ ಇಲ್ಲವೆಂಬುದನ್ನು ಅವರಿಗೆ ಯಾರೂ ಹೇಳಲಿಲ್ಲ.

ಹಿಂದೂದೇಶಕ್ಕೆ ಬಂದ ಆಂಗ್ಲರು ಇಲ್ಲಿಯ ಬಿಳಿ ಕುಷ್ಠವನ್ನು ಕೇಳಿ ಅದನ್ನು ಪದಕ್ಕೆ ಪದವಾಗಿ ತಮ್ಮ ಭಾಷೆಗೆ ತಿರುಗಿಸಿಕೊಂಡರು. ಕಾಗದಪತ್ರಗಳಲ್ಲಿ 'ವ್ಹೈಟ್ ಲೆಪ್ರಸಿ' ಎಂಬ ಮಾತು ಸೇರಿತು. ಇದರಿಂದ ಸರಕಾರದ ಲೆಕ್ಕವೇ ಕೆಡುವಂತಾಯಿತು. ಆ ಕಾಲದ ಜನಗಣತಿಗಳಲ್ಲಿ ಕುರುಡರು, ಕಿವುಡುಮೂಕರು, ಬುದ್ಧಿಭ್ರಮಣೆಯವರು, ಕುಷ್ಠರೋಗಿಗಳು ಇವರನ್ನು ಪ್ರತ್ಯೇಕವಾಗಿ ಎಣಿಸುತ್ತಿದ್ದರು. ತೊನ್ನಿನವರೂ ಆ ಕಂಬದಲ್ಲಿ ಸೇರಿಹೋಗಬಾರದೆಂದು, ಬಿಳಿ ಕುಷ್ಠ ಮಾತ್ರ ಇರುವವರನ್ನು ಬರೆಯಕೂಡದೆಂದು ೧೯೦೧ರ ಜನಗಣತಿಯಲ್ಲಿ ಎಣಿಕೆದಾರರಿಗೆ ಪ್ರತ್ಯೇಕವಾದ ಸೂಚನೆಯನ್ನು ಕೊಡಬೇಕಾಯಿತು. ಶತಮಾನಕ್ಕೂ ಹೆಚ್ಚು ಕಾಲವು ಕಳೆದುಹೋಯಿತು. ಗಣತಿಯ ಗುಮಾಸ್ತನಿಗೆ ಅಂದು ಕಲಿಸಿದ ಪಾಠವನ್ನು ನಮ್ಮ ಮದುವೆಯ ದಲ್ಲಾಳಿಗಳು ಇನ್ನೂ ಕಲಿತಿಲ್ಲ.

ವೈದ್ಯಶಾಸ್ತ್ರವು ಈಗ ಹೇಳುವುದಿಷ್ಟು. ಚರ್ಮದ ಮೇಲಿನ ಪದರದ ತಳದಲ್ಲಿ ಬಣ್ಣವನ್ನು ತಯಾರಿಸುವ ಜೀವಕೋಶಗಳಿವೆ; ಅವು ತಯಾರಿಸುವ ಬಣ್ಣಕ್ಕೆ ಮೆಲನಿನ್ ಎಂದು ಹೆಸರು. ಶರೀರವನ್ನು ಕಾಪಾಡತಕ್ಕ ರಕ್ಷಣಾವ್ಯವಸ್ಥೆಯು ತನ್ನದೇ ಆದ ಈ ಜೀವಕೋಶಗಳನ್ನು ಪರರೆಂದು ಭ್ರಮಿಸಿ ನಾಶಮಾಡುವುದರಿಂದ ಆ ಜಾಗವು ಬೆಳ್ಳಗಾಗುತ್ತದೆ. ಇದೇ ತೊನ್ನು. ಇದರಲ್ಲಿ ಒಬ್ಬರಿಂದೊಬ್ಬರಿಗೆ ಹೋಗುವುದಕ್ಕೆ ಯಾವ ಕ್ರಿಮಿಯೂ ಇಲ್ಲ. ಮುಟ್ಟಿದರೂ, ಒಂದೇ ತಟ್ಟೆಯಲ್ಲಿ ಉಂಡರೂ, ಒಂದೇ ಚಾಪೆಯಲ್ಲಿ ಮಲಗಿದರೂ ಹತ್ತತಕ್ಕದ್ದಲ್ಲ. ಲೋಕದ ಜನರಲ್ಲಿ ನೂರಕ್ಕೆ ಅರ್ಧದಿಂದ ಎರಡು ಮಂದಿಗೆ ಇದು ಇರುವುದೆಂದು ಅಂದಾಜು. ಸುಮಾರು ಅರ್ಧದಷ್ಟು ಜನರಲ್ಲಿ ಇಪ್ಪತ್ತು ವರ್ಷ ತುಂಬುವುದರೊಳಗೇ ಕಾಣಿಸಿಕೊಳ್ಳುತ್ತದೆ. ಎಂದರೆ ಶಾಲೆಯ ವಯಸ್ಸಿನಲ್ಲಿ. ಆದುದರಿಂದ ಈ ವಿಷಯವು ವೈದ್ಯರದು ಮಾತ್ರವಲ್ಲ, ಉಪಾಧ್ಯಾಯಿನಿಯರದೂ ಆಗಿದೆ. ಕುಷ್ಠವಾದರೋ ಒಂದು ಸೂಕ್ಷ್ಮಜೀವಿಯಿಂದ ಬರುವ ರೋಗ. ಅದನ್ನು ನಾರ್ವೆ ದೇಶದ ಬರ್ಗೆನ್ ಪಟ್ಟಣದಲ್ಲಿ ಹ್ಯಾನ್ಸೆನ್ ಎಂಬ ವೈದ್ಯನು ೧೮೭೩ರಲ್ಲಿ ಕಂಡುಹಿಡಿದನು. ಅದರ ಮಚ್ಚೆಯು ಮಾಸಲಾಗಿಯೋ ಕೆಂಪಾಗಿಯೋ ಇರುವುದೇ ಹೊರತು ಹಾಲಿನ ಬಿಳುಪಲ್ಲ. ಅಲ್ಲಿ ಸ್ಪರ್ಶಜ್ಞಾನವು ಕುಂದಿರುತ್ತದೆ. ತೊನ್ನಿನ ಮಚ್ಚೆಯ ಮೇಲಾದರೋ ಇರುವೆ ಹರಿದರೂ ತಿಳಿಯುತ್ತದೆ.

ತೊನ್ನಿಗೆ ಔಷಧವಿಲ್ಲವೆಂಬುದೂ ಪೂರ್ತಿ ನಿಜವಲ್ಲ. ಬಾವಂಚಿಯ ಬೀಜವನ್ನು ಅರೆದು ಹಚ್ಚಿ ಬಿಸಿಲಿಗೆ ಮೈಯೊಡ್ಡುವ ಪದ್ಧತಿಯು ನಮ್ಮ ದೇಶದಲ್ಲಿ ಪುರಾತನವಾದುದು. ಈಜಿಪ್ತದಲ್ಲಿಯೂ ಬೇರೊಂದು ಗಿಡದ ಬೀಜದಿಂದ ಇದನ್ನೇ ಮಾಡುತ್ತಿದ್ದರು. ಕೈರೋ ನಗರದ ಎಲ್ ಮೊಫ್ತಿ ಎಂಬ ವೈದ್ಯನು ೧೯೪೦ರ ದಶಕದ ಕೊನೆಯಲ್ಲಿ ಆ ಬೀಜದ ಸತ್ತ್ವವನ್ನು ಬಿಸಿಲಿನೊಡನೆ ಪ್ರಯೋಗಿಸಿ ಹೊಸ ಚಿಕಿತ್ಸೆಗೆ ದಾರಿಮಾಡಿದನು. ಪಾರಸಿಕರು ಯಾವ ಸೂರ್ಯನ ಶತ್ರುವೆಂದು ತೊನ್ನಿನವನನ್ನು ಅಟ್ಟಿದರೋ ಆ ಸೂರ್ಯನ ಕಿರಣಗಳೇ ಅವನಿಗೆ ಔಷಧವಾಗಬೇಕೆಂಬುದು ವಿನೋದವಲ್ಲವೇ? ಈಗ ಆಸ್ಪತ್ರೆಗಳಲ್ಲಿ ಅಳತೆಮಾಡಿದ ಕಿರಣಗಳನ್ನು ಕೊಡುತ್ತಾರೆ. ರಕ್ಷಣಾವ್ಯವಸ್ಥೆಯನ್ನು ತಡೆಯುವ ಒಂದು ಲೇಪಕ್ಕೆ ೨೦೨೨ರಲ್ಲಿ ಅಮೆರಿಕದ ಸರಕಾರದ ಅನುಮತಿಯೂ ದೊರೆಯಿತು. ಎಲ್ಲರಲ್ಲಿಯೂ ಬಣ್ಣವು ಪೂರ್ತಿಯಾಗಿ ಮರಳುವುದೆಂದು ಯಾರೂ ಮಾತುಕೊಡಲಾರರು. ಆದರೆ ಬಾವಂಚಿಯನ್ನು ವೈದ್ಯರ ಸಲಹೆಯಿಲ್ಲದೆ ಮನೆಯಲ್ಲಿಯೇ ಹಚ್ಚಿ ಬಿಸಿಲಿನಲ್ಲಿ ಕೂರಿಸಿ ಮಕ್ಕಳ ಮೈ ಬೊಕ್ಕೆ ಬರಿಸಿದ ತಾಯಂದಿರನ್ನು ನಾವು ಕಂಡಿದ್ದೇವೆ. ಹಾಗೆ ಮಾಡಬಾರದು.

ಇಂಥ ಸಂದರ್ಭದಲ್ಲಿ ಕೆಲವು ಮಿತ್ರರು, ಹಳೆಯ ಮಾತುಗಳನ್ನೆಲ್ಲಾ ಬಿಟ್ಟು ವೈದ್ಯರಂತೆ 'ವಿಟಿಲಿಗೋ' ಎಂದರಾಯಿತು, ಆಗ ಯಾರ ಮನಸ್ಸಿಗೂ ನೋವಿಲ್ಲ ಎನ್ನುವರು. ಪರದೇಶದ ಮಾತು ಸೋಪಿನಂತೆ ತೊಳೆದುಬಿಡುವುದೆಂದು ಅವರ ಎಣಿಕೆ. ನಮಗೆ ಇದು ಒಪ್ಪಿಗೆಯಿಲ್ಲ. ವಿಟಿಲಿಗೋ ಎಂಬುದು ಕ್ರಿ. ಶ. ೧ನೆಯ ಶತಮಾನದ ಸೆಲ್ಸಸ್ ಎಂಬ ರೋಮನ್ ಲೇಖಕನ ವೈದ್ಯಗ್ರಂಥದಲ್ಲಿ ಬರುವ ಶಬ್ದ. ಅವನು ಕೂಡ ಮೂರು ಬಗೆಯ ಮಚ್ಚೆಗಳನ್ನು ಒಂದೇ ಗಂಟಿನಲ್ಲಿ ಕಟ್ಟಿದವನೇ. ಕರುವಿನ ಮೈಯ ಬಿಳಿ ಪಟ್ಟೆಗಳನ್ನು ನೋಡಿ ಈ ಹೆಸರಿಟ್ಟರೆಂದು ಕೆಲವರು ಹೇಳುವರು. ಹೆಚ್ಚು ಮಂದಿ ಪಂಡಿತರು ಇದನ್ನು 'ವಿಟಿಯಂ' ಎಂಬುದರಿಂದ ತೆಗೆಯುವರು. ಅದರ ಅರ್ಥ ಕುಂದು, ದೋಷ. ಕುಷ್ಠವೆಂಬ ಬೈಗುಳನ್ನು ಬಿಟ್ಟು ದೋಷವೆಂಬ ಬೈಗುಳನ್ನು ಲ್ಯಾಟಿನಿನಲ್ಲಿ ಆಡಿದರೆ ಏನು ಲಾಭ? ವೈದ್ಯರು ತಮ್ಮ ಕಾಗದದಲ್ಲಿ ಬರೆದುಕೊಳ್ಳಲಿ, ನಮ್ಮ ಅಭ್ಯಂತರವಿಲ್ಲ. ಮನೆಯಲ್ಲಿಯೂ ಶಾಲೆಯಲ್ಲಿಯೂ ತೊನ್ನು ಎಂಬ ನಮ್ಮ ಮಾತು ಸಾಕು. ಆ ಮಾತಿನಲ್ಲಿಯೂ ಈಗ ಕಹಿಯು ಸೇರಿದೆಯೆಂದು ಹಿಂಜರಿಯುವವರು ಬಿಳಿ ಮಚ್ಚೆ ಎನ್ನಲಿ. ಮಚ್ಚೆಯೆಂದರೆ ನಮ್ಮಲ್ಲಿ ಯಾರೂ ಮುಖ ತಿರುಗಿಸುವುದಿಲ್ಲ; ಗಲ್ಲದ ಮೇಲಿದ್ದರೆ ಚೆಲುವೆಂದು ಹೊಗಳುವುದೂ ಉಂಟು. ತಮಿಳಿನ 'ಮಚ್ಚಂ', ತೆಲುಗಿನ 'ಮಚ್ಚ' ಇವೆರಡೂ ಅದರ ಒಡಹುಟ್ಟುಗಳೇ.

ಇನ್ನು ಒಂದು ಕಷ್ಟವು ಉಳಿದಿದೆ. ಅದನ್ನು ಮರೆಮಾಚಿ ಈ ಲೇಖನವನ್ನು ಮುಗಿಸಲು ನಮ್ಮ ಮನಸ್ಸು ಒಪ್ಪುವುದಿಲ್ಲ. 'ತೊನ್ನು ಕುಷ್ಠವಲ್ಲ, ಆದುದರಿಂದ ತೊನ್ನಿನವಳನ್ನು ದೂರಮಾಡಬೇಡಿರಿ' ಎಂದು ನಾವು ಹೇಳುವಾಗ, ಕುಷ್ಠವಾಗಿದ್ದರೆ ದೂರಮಾಡಬಹುದಿತ್ತೆಂದು ಒಪ್ಪಿಕೊಂಡಂತೆ ಆಗುವುದಿಲ್ಲವೇ? ಒಬ್ಬಳನ್ನು ಬಾಗಿಲೊಳಗೆ ಕರೆದುಕೊಂಡು ಅದೇ ಬಾಗಿಲನ್ನು ಇನ್ನೊಬ್ಬಳ ಮುಖಕ್ಕೆ ಹಾಕಿದಂತಾಯಿತು. ನಮ್ಮ ಮಿಶನ್ನಿನ ಹಿರಿಯರು ಕುಷ್ಠರೋಗಿಗಳ ಗಾಯಗಳನ್ನು ತಮ್ಮ ಕೈಯಾರೆ ತೊಳೆದವರು. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರರು ೧೮೯೦ರಲ್ಲಿ ಕುಷ್ಠರೋಗಿಗಳಿಗಾಗಿ ಆಸ್ಪತ್ರೆಯನ್ನು ತೆರೆದುದನ್ನು ಕರಾವಳಿಯವರು ಮರೆಯಲಾರರು. ಆಗ ಅವರ ಕೈಯಲ್ಲಿ ಗುಣಪಡಿಸುವ ಔಷಧವಿರಲಿಲ್ಲ. ಈಗ ಇದೆ. ವಿಶ್ವ ಆರೋಗ್ಯ ಸಂಸ್ಥೆಯು ೧೯೮೧ರಲ್ಲಿ ಸೂಚಿಸಿದ ಬಹುಔಷಧ ಚಿಕಿತ್ಸೆಯಿಂದ ಕುಷ್ಠವು ಆರು ತಿಂಗಳಲ್ಲಿ, ಇಲ್ಲವೇ ಒಂದು ವರ್ಷದಲ್ಲಿ ಪೂರ್ತಿಯಾಗಿ ಗುಣವಾಗುತ್ತದೆ. ಮಾತ್ರೆಗಳನ್ನು ಸರಕಾರಿ ಆಸ್ಪತ್ರೆಯಲ್ಲಿ ಹಣವಿಲ್ಲದೆ ಕೊಡುತ್ತಾರೆ. ಚಿಕಿತ್ಸೆಯು ಪ್ರಾರಂಭವಾದ ಸ್ವಲ್ಪ ಕಾಲದಲ್ಲಿಯೇ ರೋಗಿಯಿಂದ ಇತರರಿಗೆ ಹರಡುವುದು ನಿಂತುಹೋಗುತ್ತದೆ. ಹೆಚ್ಚಿನ ಮನುಷ್ಯರ ಶರೀರದಲ್ಲಿ ಹುಟ್ಟಿನಿಂದಲೇ ಅದನ್ನು ತಡೆಯುವ ಶಕ್ತಿಯಿದೆ. ಭಯಕ್ಕೆ ಇದ್ದ ಕಾರಣವು ಹೋಗಿ, ಭಯವೊಂದೇ ಉಳಿದುಕೊಂಡಿದೆ.

ಕಾನೂನು ಕೂಡ ಬಹಳ ನಿಧಾನವಾಗಿ ಕಣ್ಣು ತೆರೆಯಿತು. ಬಡ ಕುಷ್ಠರೋಗಿಗಳನ್ನು ಹಿಡಿದು ಬೇರೆ ಇರಿಸುವುದಕ್ಕೆ ಅಧಿಕಾರಕೊಟ್ಟ ೧೮೯೮ರ ಕಾಯಿದೆಯು ರದ್ದಾದುದು ೨೦೧೬ರಲ್ಲಿ. ಗಂಡಹೆಂಡಿರಲ್ಲಿ ಒಬ್ಬರಿಗೆ ಕುಷ್ಠವಿದ್ದರೆ ಅದು ವಿವಾಹ ವಿಚ್ಛೇದನಕ್ಕೆ ಕಾರಣವೆಂಬ ನಿಯಮವು ಹಿಂದೂ ವಿವಾಹ ಕಾಯಿದೆಯಲ್ಲಿಯೂ ಇದ್ದಿತು, ಕ್ರೈಸ್ತರಿಗೆ ಅನ್ವಯಿಸುವ ೧೮೬೯ರ ಕಾಯಿದೆಯಲ್ಲಿಯೂ ಇದ್ದಿತು. ಅದನ್ನು ತೆಗೆದುಹಾಕಿದುದು ೨೦೧೯ರಲ್ಲಿ. ಅಲ್ಲಿಯವರೆಗೆ, ಒಂದು ವರ್ಷ ಮಾತ್ರೆ ನುಂಗಿ ಗುಣವಾಗಬಹುದಾದ ರೋಗಕ್ಕಾಗಿ ಹೆಂಡತಿಯನ್ನು ಬಿಡುವುದಕ್ಕೆ ನ್ಯಾಯಾಲಯದ ದಾರಿಯು ತೆರೆದಿದ್ದಿತು. ಬಿಳಿ ಕುಷ್ಠವೆಂಬ ಹೆಸರನ್ನು ಹೊತ್ತ ತೊನ್ನಿನ ಹೆಣ್ಣುಮಗಳು ಆ ದಾರಿಯ ಪಕ್ಕದಲ್ಲಿ ಎಷ್ಟು ಅಂಜುತ್ತಾ ನಡೆದಿರಬೇಕೆಂಬುದನ್ನು ಓದುಗರೇ ಊಹಿಸಿಕೊಳ್ಳಲಿ.

ನಮ್ಮ ಶಾಲೆಯ ಮಟ್ಟಿಗೆ ನಾವು ಮಾಡಿಕೊಂಡಿರುವ ಏರ್ಪಾಡುಗಳನ್ನು ಹೇಳಿಬಿಡುತ್ತೇವೆ. ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ಬೇರೆ ಬೇರೆ ಶಾಲೆಗಳಲ್ಲಿ ಉಪಾಧ್ಯಾಯಿನಿಯರಾಗಿರುವುದರಿಂದ ಅವರಿಗೆ ಉಪಯೋಗವಾದೀತು. ಹೊರಗಿನಿಂದ ಬರುವ ಆರೋಗ್ಯದ ಚೀಟಿಗಳಲ್ಲಿ 'ಬಿಳಿ ಕುಷ್ಠ' ಎಂದಿದ್ದರೆ ಗುಮಾಸ್ತರು ಅದನ್ನು ತಿದ್ದಿಸಿಕೊಂಡು ಬರುವಂತೆ ಹಿಂದಿರುಗಿಸುವರು. ಯಾಜಕಕಾಂಡದ ಪಾಠವು ಬಂದ ದಿನ ತ್ಸಾರಾಅತ್ ಎಂದರೆ ಏನೆಂಬುದನ್ನು ಉಪಾಧ್ಯಾಯಿನಿಯು ಕಪ್ಪು ಹಲಗೆಯ ಮೇಲೆ ಬರೆದು ಹೇಳಬೇಕು. ಗೋಡೆಯ ಕುಷ್ಠದ ಮಾತು ಬಂದಾಗ ಹುಡುಗಿಯರು ನಗುವರು, ನಗಲಿ. ಯಾವ ಹುಡುಗಿಯ ಮೈಯಲ್ಲಾದರೂ ಮುಟ್ಟಿದರೆ ತಿಳಿಯದ ಮಾಸಲು ಮಚ್ಚೆಯಿದ್ದರೆ ಗದ್ದಲಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಆ ಹುಡುಗಿಯ ಬೆಂಚನ್ನೂ ಬದಲಾಯಿಸಬಾರದು.

ದಾಖಲಾತಿಯ ಪುಸ್ತಕದಲ್ಲಿ 'ಗುರುತಿನ ಚಿಹ್ನೆಗಳು' ಎಂಬ ಕಂಬವೊಂದಿದೆ. ಪ್ರತಿ ವರ್ಷ ಜೂನ್ ತಿಂಗಳಲ್ಲಿ ಹುಡುಗಿಯರು ಸಾಲಾಗಿ ನಿಂತು, ತೋಳನ್ನೋ ಕುತ್ತಿಗೆಯನ್ನೋ ತೋರಿಸಿ, ಎರಡು ಮಚ್ಚೆಗಳನ್ನು ಹುಡುಕಿ ಬರೆಸುವರು. ಹಿಂದೆ ಒಂದು ಹಳೆಯ ಪುಸ್ತಕದಲ್ಲಿ ಈ ಕಂಬದೊಳಗೆ ಯಾರದೋ ಹೆಸರಿನ ಮುಂದೆ ರೋಗದ ಹೆಸರನ್ನು ಬರೆದುದು ನಮ್ಮ ಕಣ್ಣಿಗೆ ಬಿದ್ದಿತು. ತೊನ್ನು ಹಬ್ಬಬಹುದು, ಮಾಯಬಹುದು. ಆದುದರಿಂದ ಗುರುತಿಗೆ ಅದು ಪ್ರಯೋಜನವಿಲ್ಲದುದು. ಗುಮಾಸ್ತರಿಗೆ ಈಗ ಕೊಟ್ಟಿರುವ ಸೂಚನೆಯಂತೆ ಅಲ್ಲಿ ಎಲ್ಲರಿಗೂ ಬರೆಯತಕ್ಕದ್ದು ಒಂದೇ ಬಗೆಯದು: ಬಲ ಮೊಣಕೈಯ ಕೆಳಗೆ ಕಪ್ಪು ಮಚ್ಚೆ, ಎಡ ಹುಬ್ಬಿನ ಮೇಲೆ ಗಾಯದ ಕಲೆ.